ಎರಡು ಅಂಕಣದ ನೋಟ್‌ಬುಕ್: ಬ್ಯಾಂಕು, ಬಡ್ಡಿ ದರ ಮತ್ತು ಹಣಕಾಸು ಬಿಕ್ಕಟ್ಟುಗಳನ್ನು ಮನೆಯಲ್ಲೇ ಕೂತು ಕಲಿಯುವ ಬಗೆ

ಚಿಕ್ಕಮ್ಮ ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದರು. ಬಂದ ಹಣದ ದೊಡ್ಡ ಪಾಲನ್ನು ಊರಿನದೊಂದು ಪತ್ತಿನ ಸಹಕಾರ ಸಂಘದಲ್ಲಿ ಠೇವಣಿ ಇಟ್ಟರು. ಬ್ಯಾಂಕಿಗಿಂತ ಬಡ್ಡಿ ಹೆಚ್ಚು, ನಿರ್ದೇಶಕರೆಲ್ಲ ಪರಿಚಯದವರು. ಮೂರನೆಯ ವರ್ಷ ಸಂಘದ ಬಾಗಿಲಿಗೆ ನೋಟಿಸ್ ಅಂಟಿತ್ತು. ಅಂದು ಸಂಜೆ ಅವರು ಕೇಳಿದ ಪ್ರಶ್ನೆ ಇನ್ನೂ ನನ್ನ ಕಿವಿಯಲ್ಲಿದೆ: "ನಾನು ಎಣಿಸಿ ಕೊಟ್ಟ ದುಡ್ಡು ಅದು. ಅಲ್ಲಿಂದ ಹೋದದ್ದಾದರೂ ಎಲ್ಲಿಗೆ?" ನಾನು ಪದವಿಪೂರ್ವ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸುವವನು. ವ್ಯಾಖ್ಯೆಗಳೆಲ್ಲ ಬಾಯಿಪಾಠವಾಗಿದ್ದವು, ಆದರೆ ಅವರಿಗೆ ಅರ್ಥವಾಗುವ ಒಂದು ಉತ್ತರ ನನ್ನ ಬಳಿ ಇರಲಿಲ್ಲ.

ಆ ಉತ್ತರ ಹುಡುಕುತ್ತಾ ನಾನು ಮತ್ತೆ ಮೊದಲಿನಿಂದ ಕಲಿತ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅರ್ಥಶಾಸ್ತ್ರದ ಪದವಿ ಬೇಕಿಲ್ಲ. ಇನ್ನೂರು ಪುಟದ ಒಂದು ನೋಟ್‌ಬುಕ್, ಪೆನ್ಸಿಲ್, ಮೊಬೈಲ್‌ನಲ್ಲಿರುವ ಕ್ಯಾಲ್ಕುಲೇಟರ್, ದಿನಕ್ಕೆ ಅರ್ಧ ಗಂಟೆ ಸಾಕು. ಮೂರು ತಿಂಗಳು ಬಿಡದೆ ಕೂತರೆ ಪತ್ರಿಕೆಯ ವಾಣಿಜ್ಯ ಪುಟ ನಿಮಗೆ ಬೇರೆಯಾಗಿಯೇ ಕಾಣತೊಡಗುತ್ತದೆ.

ನೋಟ್‌ಬುಕ್‌ನ ಪ್ರತಿ ಪುಟದ ನಡುವೆ ಒಂದು ಗೆರೆ ಎಳೆಯಿರಿ. ಎಡಕ್ಕೆ "ಹೊಣೆ" ಎಂದು ಬರೆಯಿರಿ: ಹಣ ಯಾರಿಂದ ಬಂತು. ಬಲಕ್ಕೆ "ಆಸ್ತಿ": ಆ ಹಣ ಈಗ ಯಾವ ರೂಪದಲ್ಲಿದೆ. ಪ್ರತಿ ಸಾಲಿನ ಮುಂದೆ ಇನ್ನೊಂದು ಸಂಗತಿ ಸೇರಿಸಿ, ಅವಧಿ. ಕೊಟ್ಟವರು ಅದನ್ನು ಯಾವಾಗ ವಾಪಸು ಕೇಳಬಹುದು? ಇಟ್ಟದ್ದು ಯಾವಾಗ ಕೈಗೆ ಬರುತ್ತದೆ? ನಾನು ಓದಿದ ಬಿಕ್ಕಟ್ಟುಗಳೆಲ್ಲ ಈ ಎರಡು ಪ್ರಶ್ನೆಗಳ ಉತ್ತರ ಒಂದಕ್ಕೊಂದು ಹೊಂದದೇ ಹೋದ ಕಡೆಯಲ್ಲಿ ಸ್ಫೋಟಿಸಿವೆ. ಹೊತ್ತಿಕೊಂಡ ಕಿಡಿ ಮಾತ್ರ ಪ್ರತಿ ಸಲ ಬೇರೆ.

ಮೊದಲ ಹೆಜ್ಜೆ: ಪಾಸ್‌ಬುಕ್‌ನಿಂದ ಶುರುಮಾಡಿ

ಷೇರುಪೇಟೆಯ ಸುದ್ದಿಯಿಂದ ಕಲಿಯಲು ಹೊರಡಬೇಡಿ. ನಿಮ್ಮದೇ ಪಾಸ್‌ಬುಕ್ ತೆರೆಯಿರಿ. ಅದರಲ್ಲಿ 50,000 ರೂಪಾಯಿ ಇದ್ದರೆ ಅದು ನಿಮ್ಮ ಆಸ್ತಿ, ಬ್ಯಾಂಕಿನ ಹೊಣೆ. ನಿಮ್ಮ ನೋಟುಗಳನ್ನು ಬ್ಯಾಂಕು ಪೆಟ್ಟಿಗೆಯಲ್ಲಿ ಕಾಯುತ್ತಾ ಕೂತಿಲ್ಲ. ನೀವು ಬ್ಯಾಂಕಿಗೆ ಸಾಲ ಕೊಟ್ಟಿದ್ದೀರಿ, ಅದೂ ಯಾವ ಕ್ಷಣದಲ್ಲಾದರೂ ವಾಪಸು ಕೇಳಬಹುದಾದ ಸಾಲ. ಈ ಒಂದು ಸಂಗತಿ ಮನಸ್ಸಿಗೆ ಇಳಿಯಲು ನನ್ನ ವಿದ್ಯಾರ್ಥಿಗಳಿಗೆ ಒಂದು ವಾರ ಹಿಡಿಯುತ್ತದೆ. ಹಿಡಿಯಲಿ. ಅವಸರಪಡಬೇಡಿ.

ಈಗ ಒಂದು ಕಾಲ್ಪನಿಕ ಬ್ಯಾಂಕನ್ನು ಕಟ್ಟಿ. ಎಡ ಅಂಕಣದಲ್ಲಿ ಜನರ ಠೇವಣಿ 90 ಕೋಟಿ, ಷೇರುದಾರರ ಸ್ವಂತ ಬಂಡವಾಳ 10 ಕೋಟಿ. ಬಲ ಅಂಕಣದಲ್ಲಿ ನಗದು ಮತ್ತು ರಿಸರ್ವ್ ಬ್ಯಾಂಕಿನಲ್ಲಿರುವ ಹಣ 5 ಕೋಟಿ, ಸರ್ಕಾರಿ ಸಾಲಪತ್ರಗಳು (ಸರ್ಕಾರ ಸಾಲ ಎತ್ತಲು ಮಾರುವ ಬಾಂಡ್‌ಗಳು) 20 ಕೋಟಿ, ಜನರಿಗೆ ಕೊಟ್ಟ ಸಾಲ 75 ಕೋಟಿ. ಎರಡೂ ಕಡೆ ಕೂಡಿದರೆ 100. ಈ ಪುಟದ ಅಂಚು ಮಡಚಿಟ್ಟುಕೊಳ್ಳಿ, ಮತ್ತೆ ಮತ್ತೆ ಇಲ್ಲಿಗೇ ಬರುತ್ತೇವೆ.

ಇದರ ಮೇಲೆ ಎರಡು ಪೆಟ್ಟು ಹಾಕಿ ನೋಡಿ. ಒಂದು: ಕೊಟ್ಟ ಸಾಲದಲ್ಲಿ ಶೇ 10ರಷ್ಟು ಮುಳುಗಿತು ಎನ್ನಿ. ಏಳೂವರೆ ಕೋಟಿ ನಷ್ಟ. ಠೇವಣಿದಾರರಿಗೆ ಕೊಡಬೇಕಾದ 90 ಕೋಟಿ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ, ನಷ್ಟವೆಲ್ಲ ಬಂಡವಾಳದ ಮೇಲೆ ಬೀಳುತ್ತದೆ. 10 ಕೋಟಿ ಇದ್ದದ್ದು ಎರಡೂವರೆ ಕೋಟಿಗೆ ಇಳಿಯುತ್ತದೆ. ಶೇ 14ರಷ್ಟು ಮುಳುಗಿದರೆ ಬಂಡವಾಳ ಪೂರ್ತಿ ತೊಳೆದುಹೋಗಿ ಬ್ಯಾಂಕು ದಿವಾಳಿ. ಬಂಡವಾಳ ಎಂದರೆ ಪೆಟ್ಟಿಗೆಯಲ್ಲಿಟ್ಟ ಹಣ ಎಂದು ತಿಳಿದವರು ಬಹಳ ಜನ. ಅದು ನಷ್ಟವನ್ನು ಮೊದಲು ತಾಳಿಕೊಳ್ಳುವ ಪದರ.

ಎರಡನೆಯ ಪೆಟ್ಟು: ಸಾಲವೆಲ್ಲ ಚೆನ್ನಾಗಿಯೇ ಇದೆ, ಆದರೆ ಒಂದೇ ದಿನ ಠೇವಣಿದಾರರು 8 ಕೋಟಿ ಕೇಳಿದರು. ಕೈಯಲ್ಲಿರುವುದು 5. ಬ್ಯಾಂಕು ದಿವಾಳಿಯಾಗಿಲ್ಲ, ಆದರೂ ಕೌಂಟರಿನಲ್ಲಿ ಹಣ ಇಲ್ಲ. ಇವು ಎರಡು ಬೇರೆ ಕಾಯಿಲೆಗಳು: ಒಂದರಲ್ಲಿ ಹಣವೇ ಇಲ್ಲ, ಇನ್ನೊಂದರಲ್ಲಿ ಹಣವಿದೆ, ಹೊತ್ತಿಗೆ ಸಿಗುವುದಿಲ್ಲ. ಎರಡನೆಯದಕ್ಕೆ ಬೇಗ ಮದ್ದು ಸಿಗದಿದ್ದರೆ ಅದು ಮೊದಲನೆಯದಾಗಿ ಮಾರ್ಪಡುತ್ತದೆ. ಅವಸರಕ್ಕೆ ಮಾರಿದ ಆಸ್ತಿಗೆ ಒಳ್ಳೆಯ ಬೆಲೆ ಬರುವುದಿಲ್ಲವಲ್ಲ.

ಎರಡನೆಯ ಹೆಜ್ಜೆ: ಸಾಲ ಹೇಗೆ ಹಣವಾಗುತ್ತದೆ ಎಂಬುದನ್ನು ಬರೆದು ನೋಡಿ

ಒಬ್ಬರ ಠೇವಣಿಯನ್ನು ತೆಗೆದು ಇನ್ನೊಬ್ಬರಿಗೆ ಸಾಲ ಕೊಡುವುದೇ ಬ್ಯಾಂಕಿನ ಕೆಲಸ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅಂಕಣ ಹಾಕಿ ಬರೆದರೆ ಬೇರೆಯೇ ಚಿತ್ರ ಬರುತ್ತದೆ. ಮಂಡ್ಯ ಜಿಲ್ಲೆಯ ಒಬ್ಬ ಹೈನುಗಾರ್ತಿಗೆ ಹಸು ಕೊಳ್ಳಲು 3 ಲಕ್ಷ ರೂಪಾಯಿ ಸಾಲ ಮಂಜೂರಾಯಿತು. ಬ್ಯಾಂಕು ಬಲಗಡೆ "ಸಾಲ 3 ಲಕ್ಷ" ಎಂದು ಬರೆಯುತ್ತದೆ, ಅದೇ ಹೊತ್ತಿಗೆ ಎಡಗಡೆ ಆಕೆಯ ಉಳಿತಾಯ ಖಾತೆಗೆ "ಠೇವಣಿ 3 ಲಕ್ಷ" ಜಮಾ ಮಾಡುತ್ತದೆ. ಬೇರೆ ಯಾರ ಖಾತೆಯಿಂದಲೂ ಒಂದು ಪೈಸೆ ಕದಲಿಲ್ಲ. ನಿನ್ನೆ ಇಲ್ಲದಿದ್ದ 3 ಲಕ್ಷ ಇಂದು ಇದೆ. ಬ್ಯಾಂಕ್ ಆಫ್ ಇಂಗ್ಲೆಂಡ್ 2014ರಲ್ಲಿ ತನ್ನ ತ್ರೈಮಾಸಿಕ ಪತ್ರಿಕೆಯಲ್ಲಿ ಇದನ್ನೇ ಬಿಡಿಸಿ ಹೇಳಿತು. ಆಕೆ ಸಾಲ ತೀರಿಸಿದಾಗ ಎರಡೂ ಸಾಲುಗಳು ಅಳಿಸಿಹೋಗಿ ಆ ಹಣವೂ ಇಲ್ಲವಾಗುತ್ತದೆ.

ಹಾಗಾದರೆ ಬ್ಯಾಂಕು ಮನಸ್ಸಿಗೆ ಬಂದಷ್ಟು ಹಣ ಸೃಷ್ಟಿಸಬಹುದೇ? ಮುಂದಿನ ಸಾಲು ಬರೆಯಿರಿ. ಹಸು ಮಾರಿದವರ ಖಾತೆ ಬೇರೆ ಬ್ಯಾಂಕಿನಲ್ಲಿದೆ. ಆಕೆ ಹಣ ವರ್ಗಾಯಿಸಿದೊಡನೆ ಮೊದಲ ಬ್ಯಾಂಕು ರಿಸರ್ವ್ ಬ್ಯಾಂಕಿನಲ್ಲಿರುವ ತನ್ನ ಖಾತೆಯಿಂದ 3 ಲಕ್ಷವನ್ನು ಎರಡನೆಯ ಬ್ಯಾಂಕಿಗೆ ಕೊಡಬೇಕು. ಆ ಖಾತೆಯ ಹಣವನ್ನು ಯಾವ ವಾಣಿಜ್ಯ ಬ್ಯಾಂಕೂ ಸ್ವತಃ ಸೃಷ್ಟಿಸಲಾರದು. ಕೇಂದ್ರೀಯ ಬ್ಯಾಂಕಿನ ಹಿಡಿತ ಇರುವುದು ಇಲ್ಲಿ. ಇದು ಅರ್ಥವಾದ ಮೇಲೆ ರೆಪೊ ದರ ಎಂಬುದು ಬರಿಯ ಪದವಾಗಿ ಉಳಿಯುವುದಿಲ್ಲ.

ಮೂರನೆಯ ಹೆಜ್ಜೆ: ರೆಪೊ ದರವನ್ನು ನಿಮ್ಮ ಇಎಂಐವರೆಗೆ ಹಿಂಬಾಲಿಸಿ

ಭಾರತೀಯ ರಿಸರ್ವ್ ಬ್ಯಾಂಕು ಕೆಲಸ ಆರಂಭಿಸಿದ್ದು 1935ರ ಏಪ್ರಿಲ್ 1ರಂದು. ಆದರೆ ಬಡ್ಡಿ ದರವನ್ನು ಆರು ಜನರ ಹಣಕಾಸು ನೀತಿ ಸಮಿತಿ ಮತ ಹಾಕಿ ನಿರ್ಧರಿಸುವ ಪದ್ಧತಿ ಬಂದದ್ದು 2016ರಲ್ಲಿ. ಮೂವರು ರಿಸರ್ವ್ ಬ್ಯಾಂಕಿನವರು, ಮೂವರನ್ನು ಕೇಂದ್ರ ಸರ್ಕಾರ ನೇಮಿಸುತ್ತದೆ. ಮತಗಳು ಸಮವಾದರೆ ಗವರ್ನರ್ ಅವರದು ನಿರ್ಣಾಯಕ ಮತ. ಅವರಿಗೆ ಕೊಟ್ಟಿರುವ ಗುರಿ ಚಿಲ್ಲರೆ ಹಣದುಬ್ಬರವನ್ನು ಶೇ 4ರ ಬಳಿ ಇಡುವುದು, 2ಕ್ಕಿಂತ ಕೆಳಗೆ ಅಥವಾ 6ಕ್ಕಿಂತ ಮೇಲೆ ಹೋಗಗೊಡದಿರುವುದು. ಸತತ ಮೂರು ತ್ರೈಮಾಸಿಕ ಈ ಗೆರೆ ದಾಟಿದರೆ ಸರ್ಕಾರಕ್ಕೆ ಕಾರಣ ಬರೆದು ಕೊಡಬೇಕು. 2022ರಲ್ಲಿ ಹಾಗೆ ಬರೆಯಬೇಕಾಗಿ ಬಂತು.

ರೆಪೊ ದರವೆಂದರೆ ಬ್ಯಾಂಕುಗಳು ಸರ್ಕಾರಿ ಸಾಲಪತ್ರಗಳನ್ನು ಒತ್ತೆಯಿಟ್ಟು ರಿಸರ್ವ್ ಬ್ಯಾಂಕಿನಿಂದ ಅಲ್ಪಾವಧಿಗೆ ಹಣ ತರುವಾಗ ಕೊಡುವ ಬಡ್ಡಿ. ಚಿನ್ನ ಒತ್ತೆಯಿಟ್ಟು ಸಾಲ ತಂದವರಿಗೆ ಇದನ್ನು ವಿವರಿಸಬೇಕಿಲ್ಲ. 2020ರ ಮೇ ತಿಂಗಳಲ್ಲಿ ಈ ದರ ಶೇ 4ಕ್ಕೆ ಇಳಿಯಿತು. 2022ರ ಮೇ ತಿಂಗಳಿಂದ ಏರತೊಡಗಿ 2023ರ ಫೆಬ್ರುವರಿಯಲ್ಲಿ 6.5ಕ್ಕೆ ಮುಟ್ಟಿತು. ಒಂಬತ್ತು ತಿಂಗಳಲ್ಲಿ ಎರಡೂವರೆ ಶೇಕಡ. ಬ್ಯಾಂಕುಗಳು 2019ರ ಅಕ್ಟೋಬರ್ ನಂತರ ಬದಲಾಗುವ ಬಡ್ಡಿಯಲ್ಲಿ ಕೊಟ್ಟ ಹೊಸ ಗೃಹಸಾಲಗಳನ್ನು ರೆಪೊದಂತಹ ಹೊರಗಿನ ಮಾನದಂಡಕ್ಕೆ ಜೋಡಿಸುವುದು ಕಡ್ಡಾಯವಾಗಿದ್ದರಿಂದ ಈ ಏರಿಕೆ ನೇರವಾಗಿ ಮನೆಗಳಿಗೆ ತಲುಪಿತು.

ಇಲ್ಲಿ ಕ್ಯಾಲ್ಕುಲೇಟರ್ ತೆಗೆಯಿರಿ. 30 ಲಕ್ಷ ರೂಪಾಯಿ ಸಾಲ, ಇಪ್ಪತ್ತು ವರ್ಷ, ಶೇ 7 ಬಡ್ಡಿ. ಮಾಸಿಕ ಕಂತು ಸುಮಾರು 23,259 ರೂಪಾಯಿ. ಬಡ್ಡಿ 9.5 ಆದರೆ ಅದೇ ಸಾಲದ ಕಂತು 27,964. ಇದನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ. ಮುಂದಿನ ಲೆಕ್ಕವನ್ನು ಕೆಲವರಷ್ಟೇ ಹಾಕುತ್ತಾರೆ: ಶೇ 9.5ರಲ್ಲಿ 30 ಲಕ್ಷಕ್ಕೆ ಒಂದು ತಿಂಗಳ ಬಡ್ಡಿಯೇ 23,750 ರೂಪಾಯಿ. ಹಳೆಯ ಕಂತು ಬಡ್ಡಿಗೇ ಸಾಲದು! ಹೊಸದಾಗಿ ಸಾಲ ಮಾಡಿದವರು "ಕಂತು ಹಾಗೇ ಇರಲಿ, ಅವಧಿ ಹೆಚ್ಚಿಸಿ" ಎಂದರೆ ಆ ಸಾಲ ಎಂದೆಂದಿಗೂ ತೀರುವುದಿಲ್ಲ, ಬೆಳೆಯುತ್ತಲೇ ಹೋಗುತ್ತದೆ. ದರ ಬದಲಾದಾಗ ಕಂತು ಹೆಚ್ಚಿಸಿಕೊಳ್ಳುವ, ಅವಧಿ ಹೆಚ್ಚಿಸಿಕೊಳ್ಳುವ, ಸ್ಥಿರ ಬಡ್ಡಿಗೆ ಹೋಗುವ ಆಯ್ಕೆಗಳನ್ನು ಸಾಲಗಾರರಿಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕು 2023ರ ಆಗಸ್ಟ್‌ನಲ್ಲಿ ಸೂಚಿಸಿದ್ದರ ಹಿಂದೆ ಇರುವುದು ಇದೇ ಗಣಿತ. ಗೃಹಸಾಲ ಇರುವವರು ಈ ಲೆಕ್ಕವನ್ನು ತಮ್ಮ ಬಾಕಿ ಮೊತ್ತಕ್ಕೆ ಹಾಕಿ ನೋಡದೆ ಮುಂದಿನ ಹೆಜ್ಜೆಗೆ ಹೋಗಬಾರದೆಂದು ನಾನು ಕೈಮುಗಿದು ಕೇಳುತ್ತೇನೆ.

ಹಣಕಾಸು ನೀತಿಯ ಶಕ್ತಿಯ ಜೊತೆಗೆ ಅದರ ಮಿತಿಯನ್ನೂ ಕಲಿಯಬೇಕು. ಅದಕ್ಕೆ 2023ರ ಜುಲೈಗಿಂತ ಒಳ್ಳೆಯ ಪಾಠ ಇಲ್ಲ. ಆ ತಿಂಗಳು ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ಬೆಲೆ ಗಗನಕ್ಕೇರಿತ್ತು. ಹಣದುಬ್ಬರ ಅಳೆಯುವ, 2012ರ ಆಧಾರ ವರ್ಷದ ಚಿಲ್ಲರೆ ಬೆಲೆ ಸೂಚ್ಯಂಕದಲ್ಲಿ ಆಹಾರ ಮತ್ತು ಪಾನೀಯಗಳ ತೂಕ ಸುಮಾರು ಶೇ 46. ಹಾಗಾಗಿ ದೇಶದ ಚಿಲ್ಲರೆ ಹಣದುಬ್ಬರ ಶೇ 7.44ಕ್ಕೆ ಜಿಗಿಯಿತು. ಸಮಿತಿ ದರವನ್ನು ಏರಿಸಲಿಲ್ಲ. ಬಡ್ಡಿ ಏರಿಸಿದರೆ ಟೊಮೆಟೊ ಬೇಗ ಹಣ್ಣಾಗುವುದಿಲ್ಲ. ಹೊಸ ಬೆಳೆ ಬಂದಂತೆ ಅಕ್ಟೋಬರ್‌ನಲ್ಲಿ ಹಣದುಬ್ಬರ 4.87ಕ್ಕೆ ಇಳಿಯಿತು. ಆದರೆ ಇಂತಹ ಏರಿಕೆ ಕೂಲಿ, ಬಾಡಿಗೆ, ಹೋಟೆಲ್ ತಿಂಡಿಯ ದರಗಳಿಗೆಲ್ಲ ಹಬ್ಬಿದಾಗ ಸುಮ್ಮನಿರುವುದು ತಪ್ಪಾಗುತ್ತದೆ. ಎರಡನ್ನೂ ಬೇರ್ಪಡಿಸಿ ನೋಡುವುದೇ ಆ ಆರು ಜನರ ನಿಜವಾದ ಕಷ್ಟ.

ಸಭೆ ಮುಗಿದ ಹದಿನಾಲ್ಕನೆಯ ದಿನ ನಡಾವಳಿ ಪ್ರಕಟವಾಗುತ್ತದೆ. ಪ್ರತಿ ಸದಸ್ಯರೂ ತಾವು ಹಾಗೇಕೆ ಮತ ಹಾಕಿದೆವು ಎಂದು ಅದರಲ್ಲಿ ಬರೆದಿರುತ್ತಾರೆ. ಗವರ್ನರ್ ಅವರ ಭಾಷಣಕ್ಕಿಂತ ಹೆಚ್ಚನ್ನು ನಾನು ಕಲಿತದ್ದು ಬಹುಮತಕ್ಕೆ ವಿರುದ್ಧ ಮತ ಹಾಕಿದವರ ಪುಟಗಳಿಂದ.

ನಾಲ್ಕನೆಯ ಹೆಜ್ಜೆ: ಬಡ್ಡಿ ಏರಿದರೆ ಸಾಲಪತ್ರದ ಬೆಲೆ ಏಕೆ ಇಳಿಯುತ್ತದೆ

ಇದನ್ನು ಒಂದೇ ಸಂಜೆಯಲ್ಲಿ ಮುಗಿಸಬಹುದು, ಆದರೆ ಬಿಟ್ಟುಬಿಟ್ಟರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ. ವರ್ಷಕ್ಕೆ 6 ರೂಪಾಯಿ ಬಡ್ಡಿ ಕೊಡುವ, ಹತ್ತು ವರ್ಷದ ನಂತರ 100 ರೂಪಾಯಿ ಹಿಂದಿರುಗಿಸುವ ಸರ್ಕಾರಿ ಸಾಲಪತ್ರ ನಿಮ್ಮ ಬಳಿ ಇದೆ. ಇಂದು ಹೊಸದಾಗಿ ಬರುವ ಪತ್ರಗಳು 8 ರೂಪಾಯಿ ಕೊಡುತ್ತಿವೆ. ನಿಮ್ಮ ಹಳೆಯದನ್ನು 100ಕ್ಕೆ ಯಾರು ಕೊಳ್ಳುತ್ತಾರೆ? ಲೆಕ್ಕ ಹಾಕಿದರೆ ಅದರ ಬೆಲೆ ಸುಮಾರು 86 ರೂಪಾಯಿ 60 ಪೈಸೆ. ಹತ್ತು ವರ್ಷ ಕಾದರೆ ನಿಮಗೆ ನಷ್ಟವಿಲ್ಲ, ಇಂದೇ ಮಾರಬೇಕಾದರೆ ನೂರಕ್ಕೆ ಹದಿಮೂರು ರೂಪಾಯಿಗೂ ಹೆಚ್ಚು ನಷ್ಟ. ಅಂಚು ಮಡಚಿದ ಪುಟಕ್ಕೆ ಹಿಂದಿರುಗಿ. ನಮ್ಮ ಬ್ಯಾಂಕಿನ 20 ಕೋಟಿಯ ಸಾಲಪತ್ರಗಳಲ್ಲಿ ಸುಮಾರು 2.7 ಕೋಟಿ ಕರಗುತ್ತದೆ. ಸಾಲಗಾರ ಸರ್ಕಾರವೇ ಆಗಿದ್ದರೂ, ಒಂದು ಪೈಸೆ ಬಾಕಿ ಉಳಿಸಿಕೊಳ್ಳದಿದ್ದರೂ ನಷ್ಟವಾಗಬಹುದು ಎಂಬುದನ್ನು ಕೆಂಪು ಶಾಯಿಯಲ್ಲಿ ಬರೆದುಕೊಳ್ಳಿ.

ಐದನೆಯ ಹೆಜ್ಜೆ: ಓಟ ಏಕೆ ಶುರುವಾಗುತ್ತದೆ, ವಿಮೆ ಅದನ್ನು ಹೇಗೆ ತಡೆಯುತ್ತದೆ

ಠೇವಣಿದಾರರೆಲ್ಲ ಒಮ್ಮೆಲೇ ಹಣ ತೆಗೆಯಲು ಧಾವಿಸುವುದನ್ನು ಬ್ಯಾಂಕಿನ ಮೇಲಿನ ಓಟ ಎನ್ನುತ್ತಾರೆ. ಹಾಗೆ ಸಾಲು ನಿಂತವರನ್ನು ಮೂರ್ಖರೆಂದು ಭಾವಿಸಬೇಡಿ. ಬ್ಯಾಂಕು ಗಟ್ಟಿಯಾಗಿದೆ ಎಂದು ನಿಮಗೆ ಗೊತ್ತಿದ್ದರೂ, ಪಕ್ಕದ ಮನೆಯವರು ಹೆದರಿ ಹಣ ತೆಗೆಯುತ್ತಾರೆ ಎನಿಸಿದರೆ ನೀವೂ ಮೊದಲೇ ಹೋಗಿ ನಿಲ್ಲುವುದು ಜಾಣತನವೇ. ಎಲ್ಲರೂ ಹೀಗೆ ಯೋಚಿಸಿದರೆ ಗಟ್ಟಿ ಬ್ಯಾಂಕೂ ಬೀಳುತ್ತದೆ. ಡಗ್ಲಸ್ ಡೈಮಂಡ್ ಮತ್ತು ಫಿಲಿಪ್ ಡಿಬ್ವಿಗ್ 1983ರಲ್ಲಿ ಇದನ್ನು ಗಣಿತದ ಮಾದರಿಯಲ್ಲಿ ತೋರಿಸಿದರು. 2022ರಲ್ಲಿ ಬೆನ್ ಬರ್ನಾಂಕೆ ಅವರೊಂದಿಗೆ ಇವರಿಬ್ಬರಿಗೂ ಅರ್ಥಶಾಸ್ತ್ರದ ನೊಬೆಲ್ ಬಂತು.

ನಮ್ಮ ದೇಶ ಇದನ್ನು ಕಲಿತದ್ದು ನೋವಿನಿಂದ. 1960ರ ಆಗಸ್ಟ್‌ನಲ್ಲಿ ಕೇರಳದ ಪಲೈ ಸೆಂಟ್ರಲ್ ಬ್ಯಾಂಕು ಮುಚ್ಚಿತು. ಆ ಆಘಾತದ ನಂತರ 1962ರ ಜನವರಿಯಲ್ಲಿ ಠೇವಣಿ ವಿಮಾ ನಿಗಮ ಬಂತು: ಬ್ಯಾಂಕು ಬಿದ್ದರೂ ಹಣ ಸಿಗುತ್ತದೆಂಬ ಭರವಸೆ ಇದ್ದರೆ ಸಾಲಿಗೆ ಓಡುವ ಕಾರಣವಿರುವುದಿಲ್ಲ. ಆರಂಭದಲ್ಲಿ ಒಬ್ಬ ಠೇವಣಿದಾರರಿಗೆ ಕೇವಲ 1,500 ರೂಪಾಯಿವರೆಗೆ ರಕ್ಷಣೆ. 1993ರಲ್ಲಿ ಅದು 1 ಲಕ್ಷವಾಯಿತು, 2020ರ ಫೆಬ್ರುವರಿಯಲ್ಲಿ 5 ಲಕ್ಷ. ಆ ವರ್ಷದ ಜನವರಿಯಲ್ಲಷ್ಟೇ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ನಿರ್ಬಂಧ ಬಂದು, ಒಬ್ಬರು 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂದಾಗಿತ್ತು. ಬಸವನಗುಡಿಯಲ್ಲಿ ನಿವೃತ್ತರು ದಾಖಲೆ ಹಿಡಿದು ನಿಂತ ದೃಶ್ಯ ನೆನಪಿರುವವರಿಗೆ ವಿಮೆಯ ಬೆಲೆ ಹೇಳಬೇಕಾಗಿಲ್ಲ.

ಐದು ಲಕ್ಷ ಎಂಬುದು ಅಸಲು, ಬಡ್ಡಿ ಎರಡೂ ಸೇರಿ. ಒಂದೇ ಬ್ಯಾಂಕಿನ ಎಲ್ಲ ಶಾಖೆಗಳಲ್ಲಿ ಒಬ್ಬರ ಹೆಸರಿನಲ್ಲಿರುವುದನ್ನು ಕೂಡಿಸಿ ಲೆಕ್ಕ ಹಾಕುತ್ತಾರೆ. ಬೇರೆ ಬ್ಯಾಂಕಿನಲ್ಲಿಟ್ಟರೆ ಬೇರೆ ಐದು ಲಕ್ಷ. ಈ ವಿಮೆ ಬ್ಯಾಂಕುಗಳಿಗೆ ಮಾತ್ರ. ಸಹಕಾರ ಬ್ಯಾಂಕುಗಳೂ ಇದರಲ್ಲಿ ಸೇರುತ್ತವೆ, ಆದರೆ ಪತ್ತಿನ ಸಹಕಾರ ಸಂಘಗಳಿಗೆ, ನಮ್ಮ ಊರೂರಿನ ಸೌಹಾರ್ದ ಸಹಕಾರಿಗಳಿಗೆ ಇದು ಅನ್ವಯಿಸುವುದಿಲ್ಲ. ಫಲಕದ ಮೇಲೆ "ಬ್ಯಾಂಕ್" ಎಂಬ ಪದ ಇದೆಯೇ, ಒಳಗೆ ಠೇವಣಿ ವಿಮೆಯ ಸೂಚನೆ ಇದೆಯೇ ಎಂದು ನೋಡಿ. ಚಿಕ್ಕಮ್ಮನ ಸಂಘದಲ್ಲಿ ಎರಡೂ ಇರಲಿಲ್ಲ. ನಾನು ಅಲ್ಲಿಗೆ ಅವರ ಜೊತೆ ಎರಡು ಬಾರಿ ಹೋಗಿದ್ದೆ, ನೋಡಿರಲಿಲ್ಲ.

ಆರನೆಯ ಹೆಜ್ಜೆ: ಬಿಕ್ಕಟ್ಟುಗಳನ್ನು ಅಂಕಣಗಳ ಮೇಲೆ ಮರುನಡೆಸಿ

ಈ ಹೆಜ್ಜೆಗೆ ಐದು ವಾರ ಕೊಡಿ. ವಾರಕ್ಕೊಂದು ಬಿಕ್ಕಟ್ಟು ಸಾಕು, ಒಂದಕ್ಕೆ ಮಾತ್ರ ಎರಡು ವಾರ. ಪ್ರತಿಯೊಂದಕ್ಕೂ ಎರಡು ಪುಟ: ಬೀಳುವ ಹಿಂದಿನ ವರ್ಷದ ಅಂಕಣಗಳು ಒಂದರಲ್ಲಿ, ಬಿದ್ದ ದಿನದವು ಇನ್ನೊಂದರಲ್ಲಿ.

ಮೊದಲಿಗೆ ಬ್ರಿಟನ್ನಿನ ನಾರ್ದರ್ನ್ ರಾಕ್ ತೆಗೆದುಕೊಳ್ಳಿ, ಅದು ಸರಳ. ಬಲಗಡೆ ಇಪ್ಪತ್ತು ಇಪ್ಪತ್ತೈದು ವರ್ಷಗಳ ಗೃಹಸಾಲಗಳು, ಬಹುಪಾಲು ಒಳ್ಳೆಯವೇ. ಎಡಗಡೆ ಸಾಮಾನ್ಯ ಜನರ ಠೇವಣಿ ಕಡಿಮೆ, ಹಣಪೇಟೆಯಿಂದ (ಸಂಸ್ಥೆಗಳು ಒಂದಕ್ಕೊಂದು ಅಲ್ಪಾವಧಿ ಸಾಲ ಕೊಡುವ ಪೇಟೆ) ಮತ್ತೆ ಮತ್ತೆ ನವೀಕರಿಸಿಕೊಳ್ಳಬೇಕಾದ ಸಾಲ ಹೆಚ್ಚು. 2007ರ ಆಗಸ್ಟ್‌ನಲ್ಲಿ ಆ ಪೇಟೆ ಒಮ್ಮೆಲೇ ಹೆಪ್ಪುಗಟ್ಟಿತು. ಸೆಪ್ಟೆಂಬರ್ 14ರಂದು ಶಾಖೆಗಳ ಮುಂದೆ ಜನ ಸಾಲುಗಟ್ಟಿದರು. ಅಲ್ಲಿನ ಠೇವಣಿ ವಿಮೆ ಆಗ ಮೊದಲ 2,000 ಪೌಂಡ್‌ಗೆ ಪೂರ್ತಿ, ಅದರ ಮೇಲಿನ 33,000ಕ್ಕೆ ಶೇ 90 ಮಾತ್ರ ಕೊಡುತ್ತಿತ್ತು. ನೂರಕ್ಕೆ ಹತ್ತು ಹೋಗಬಹುದೆಂದಾದರೆ ಯಾರು ಮನೆಯಲ್ಲಿ ಕೂರುತ್ತಾರೆ? ಸರ್ಕಾರ ಎಲ್ಲ ಠೇವಣಿಗೂ ತಾನೇ ಹೊಣೆ ಎಂದು ಘೋಷಿಸಿದ ಮೇಲೆ ಸಾಲು ಕರಗಿತು.

ಮುಂದಿನದು ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕು, 2023ರ ಮಾರ್ಚ್. ಇದಕ್ಕೆ ನಾಲ್ಕನೆಯ ಹೆಜ್ಜೆಯ ಲೆಕ್ಕವನ್ನು ಪಕ್ಕದಲ್ಲಿಟ್ಟುಕೊಳ್ಳಿ. 2019ರ ಕೊನೆಗೆ ಸುಮಾರು 60 ಶತಕೋಟಿ ಡಾಲರ್ ಇದ್ದ ಠೇವಣಿ ಎರಡೇ ವರ್ಷದಲ್ಲಿ 190ರ ಬಳಿ ಬಂದಿತ್ತು. ಬಡ್ಡಿ ತೀರಾ ಕಡಿಮೆಯಿದ್ದ ಕಾಲದಲ್ಲಿ ಆ ಹಣವನ್ನು ದೀರ್ಘಾವಧಿಯ ಭದ್ರ ಸಾಲಪತ್ರಗಳಲ್ಲಿ ಹಾಕಿದರು. ಅಮೆರಿಕದ ಕೇಂದ್ರೀಯ ಬ್ಯಾಂಕಾದ ಫೆಡರಲ್ ರಿಸರ್ವ್ ಸೊನ್ನೆಯ ಬಳಿಯಿದ್ದ ದರವನ್ನು ಒಂದು ವರ್ಷದೊಳಗೆ 4.5ರ ಮೇಲಕ್ಕೆ ಒಯ್ದಿತು. ಪತ್ರಗಳ ಬೆಲೆ ಬಿತ್ತು. ಅವಧಿ ಮುಗಿಯುವವರೆಗೆ ಇಟ್ಟುಕೊಳ್ಳುತ್ತೇವೆ ಎಂದು ಬರೆದುಕೊಂಡ ಪತ್ರಗಳ ಬೆಲೆಯಿಳಿತವನ್ನು ಲಾಭನಷ್ಟದಲ್ಲಿ ತೋರಿಸಬೇಕಿರಲಿಲ್ಲ. ಠೇವಣಿ ಹೊರಗೆ ಹರಿಯತೊಡಗಿದಾಗ ಬ್ಯಾಂಕು ಬೇರೊಂದಷ್ಟು ಪತ್ರಗಳನ್ನು ಮಾರಿ 1.8 ಶತಕೋಟಿ ಡಾಲರ್ ನಷ್ಟ ಘೋಷಿಸಿತು. ಮರುದಿನ, ಮಾರ್ಚ್ 9ರಂದು, ಒಂದೇ ದಿನ 42 ಶತಕೋಟಿ ಡಾಲರ್ ಹೊರಹೋಯಿತು. ಮಾರ್ಚ್ 10ಕ್ಕೆ ಬ್ಯಾಂಕು ಇರಲಿಲ್ಲ.

ಎಡ ಅಂಕಣದಲ್ಲಿ ಮೊತ್ತಕ್ಕಿಂತ ಮುಖ್ಯವಾದದ್ದು ಆ ಹಣ ಯಾರದು ಎಂಬುದು. ಕರಾವಳಿಯಲ್ಲಿ ಹುಟ್ಟಿದ ಪಿಗ್ಮಿಯನ್ನು ನೆನೆಯಿರಿ. 1925ರಲ್ಲಿ ಉಡುಪಿಯಲ್ಲಿ ಆರಂಭವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕಾದ ಸಂಸ್ಥೆ 1928ರಲ್ಲಿ ಮನೆ ಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸುವ ಯೋಜನೆ ತಂದಿತು. ಮೀನು ಮಾರುವವರು, ಬೀಡಿ ಕಟ್ಟುವವರು, ಸಣ್ಣ ಅಂಗಡಿಯವರು: ಲೆಕ್ಕವಿಲ್ಲದಷ್ಟು ಜನ, ಒಬ್ಬೊಬ್ಬರದೂ ಚಿಕ್ಕ ಮೊತ್ತ, ಒಬ್ಬೊಬ್ಬರ ಅಗತ್ಯವೂ ಬೇರೆ ಬೇರೆ ದಿನ. ಸಿಲಿಕಾನ್ ವ್ಯಾಲಿ ಬ್ಯಾಂಕಿನ ಠೇವಣಿದಾರರು ಇದಕ್ಕೆ ತದ್ವಿರುದ್ಧ. ಒಂದೇ ಉದ್ಯಮದವರು, ಒಂದೇ ಹೂಡಿಕೆದಾರರ ಮಾತು ಕೇಳುವವರು, ಕೈಯಲ್ಲಿ ಮೊಬೈಲ್. ಶೇ 90ಕ್ಕೂ ಹೆಚ್ಚು ಠೇವಣಿ ವಿಮೆಯ ಮಿತಿಯಾದ 2.5 ಲಕ್ಷ ಡಾಲರ್ ದಾಟಿತ್ತು. ನನ್ನ ಪ್ರಕಾರ ಬ್ಯಾಂಕಿಂಗ್ ಕಲಿಯುವ ಪ್ರತಿಯೊಬ್ಬರೂ ಈ ಎರಡು ಎಡ ಅಂಕಣಗಳನ್ನು ಅಕ್ಕಪಕ್ಕ ಬರೆಯಬೇಕು. ನಮ್ಮ ಹಿರಿಯರು ಬಡವರ ಉಳಿತಾಯಕ್ಕೆಂದು ಕಟ್ಟಿದ್ದು ಬ್ಯಾಂಕಿನ ಬುನಾದಿಯನ್ನೂ ಗಟ್ಟಿ ಮಾಡುತ್ತಿತ್ತು.

ಈಗ 2008ರ ಜಾಗತಿಕ ಹಣಕಾಸು ಬಿಕ್ಕಟ್ಟು. ಇದಕ್ಕೆ ಎರಡು ವಾರ ಬೇಕು. ಅಮೆರಿಕದ ಹೂಡಿಕೆ ಸಂಸ್ಥೆ ಲೇಮನ್ ಬ್ರದರ್ಸ್ ಠೇವಣಿ ಸ್ವೀಕರಿಸುವ ಬ್ಯಾಂಕಾಗಿರಲಿಲ್ಲ, ಕೌಂಟರಿನ ಮುಂದೆ ಸಾಲು ನಿಲ್ಲುವವರೂ ಇರಲಿಲ್ಲ. ಆದರೂ ಅಲ್ಲಿ ನಡೆದದ್ದು ಓಟವೇ. ಬಲಗಡೆ ಅಮೆರಿಕದ ಗೃಹಸಾಲಗಳನ್ನು ಕಟ್ಟುಕಟ್ಟಾಗಿ ಮಾಡಿದ ಸಾಲಪತ್ರಗಳು ಮತ್ತು ಆಸ್ತಿಪಾಸ್ತಿ, ಎಡಗಡೆ ಒಂದು ರಾತ್ರಿಗೆ, ಒಂದು ವಾರಕ್ಕೆ ತಂದ ಸಾಲ. ಸ್ವಂತ ಬಂಡವಾಳದ ಸುಮಾರು ಮೂವತ್ತು ಪಟ್ಟು ಆಸ್ತಿ. ಭಾಗಿಸಿ ನೋಡಿ: ಆಸ್ತಿಯ ಬೆಲೆ ನೂರಕ್ಕೆ ಸುಮಾರು 3.3 ಇಳಿದರೆ ಬಂಡವಾಳವೇ ಇಲ್ಲ. ಪ್ರತಿ ಬೆಳಿಗ್ಗೆ ಆ ಸಾಲವನ್ನು ಯಾರಾದರೂ ಮತ್ತೆ ಕೊಡಬೇಕಿತ್ತು. ಕೊಡುವವರು ಹಿಂಜರಿದರು. 2008ರ ಸೆಪ್ಟೆಂಬರ್ 15ರಂದು ಸಂಸ್ಥೆ ದಿವಾಳಿ ಅರ್ಜಿ ಹಾಕಿತು. ಮರುದಿನವೇ ಫೆಡರಲ್ ರಿಸರ್ವ್ ಎಐಜಿ ವಿಮಾ ಸಂಸ್ಥೆಗೆ 85 ಶತಕೋಟಿ ಡಾಲರ್ ಸಾಲದ ನೆರವು ಘೋಷಿಸಬೇಕಾಯಿತು. ಅಲೆ ಇಲ್ಲಿಗೂ ಬಂತು: ರಿಸರ್ವ್ ಬ್ಯಾಂಕು ಶೇ 9 ಇದ್ದ ರೆಪೊ ದರವನ್ನು 2009ರ ಏಪ್ರಿಲ್ ಹೊತ್ತಿಗೆ 4.75ಕ್ಕೆ ಇಳಿಸಿತು.

ಕೊನೆಯ ವಾರ ಇಡೀ ದೇಶಕ್ಕೆ ಎರಡು ಅಂಕಣ ಹಾಕಿ. ಭಾರತ, 1991. ಎಡಗಡೆ ಅಲ್ಪಾವಧಿಯ ವಿದೇಶಿ ಸಾಲ ಮತ್ತು ಅನಿವಾಸಿ ಭಾರತೀಯರ ಠೇವಣಿ, ಬಲಗಡೆ ವಿದೇಶಿ ವಿನಿಮಯ ಸಂಗ್ರಹ. 1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತಿಗೆ ನುಗ್ಗಿತು, ತೈಲ ತುಟ್ಟಿಯಾಯಿತು, ಕೊಲ್ಲಿಯಿಂದ ನಮ್ಮವರು ಬರಿಗೈಯಲ್ಲಿ ಮರಳಿದರು, ಅನಿವಾಸಿ ಠೇವಣಿ ಹಿಂದಕ್ಕೆ ಹರಿಯಿತು. ಅದೂ ಓಟವೇ, ಡಾಲರಿನಲ್ಲಿ. ಡಾಲರನ್ನು ನಮ್ಮ ರಿಸರ್ವ್ ಬ್ಯಾಂಕು ಮುದ್ರಿಸಲಾರದು. ಸಂಗ್ರಹ ಕೆಲವೇ ವಾರಗಳ ಆಮದಿಗೆ ಸಾಲುವಷ್ಟು ಉಳಿದಾಗ ಸುಮಾರು 47 ಟನ್ ಚಿನ್ನವನ್ನು ಹೊರದೇಶಕ್ಕೆ ಒತ್ತೆ ಕಳುಹಿಸಬೇಕಾಯಿತು. ಜುಲೈ 1 ಮತ್ತು 3ರಂದು ರೂಪಾಯಿಯ ಬೆಲೆಯನ್ನು ಇಳಿಸಲಾಯಿತು. ಸ್ವಂತ ಕರೆನ್ಸಿಯ ಸಾಲಕ್ಕೂ ಬೇರೆಯವರ ಕರೆನ್ಸಿಯ ಸಾಲಕ್ಕೂ ಇರುವ ಅಂತರ ಈ ಪುಟ ಬರೆದಾಗಲೇ ನನಗೆ ಸರಿಯಾಗಿ ತಿಳಿದದ್ದು.

ಏಳನೆಯ ಹೆಜ್ಜೆ: ನಿಜವಾದ ಬ್ಯಾಂಕಿನ ವಾರ್ಷಿಕ ವರದಿಗೆ ಕೈ ಹಾಕಿ

ನಿಮ್ಮ ಖಾತೆ ಇರುವ ಬ್ಯಾಂಕಿನ ವರದಿಯನ್ನು ಅದರ ಜಾಲತಾಣದಿಂದ ಇಳಿಸಿಕೊಳ್ಳಿ. ಅಧ್ಯಕ್ಷರ ಸಂದೇಶ, ಬಣ್ಣದ ಚಿತ್ರಗಳನ್ನು ದಾಟಿ ಹೋಗಿ. ನಾಲ್ಕು ಅಂಕಿ ಹುಡುಕಿ: ಬಂಡವಾಳ ಅನುಪಾತ, ವಸೂಲಾಗದ ಸಾಲದ ಪ್ರಮಾಣ, ಅದಕ್ಕೆ ಎತ್ತಿಟ್ಟ ಹಣ, ಅತಿ ದೊಡ್ಡ ಇಪ್ಪತ್ತು ಠೇವಣಿದಾರರ ಪಾಲು. ಲೆಕ್ಕಪತ್ರದ ಟಿಪ್ಪಣಿಗಳ ನಡುವೆ ಆಸ್ತಿ, ಹೊಣೆಗಳನ್ನು ಅವಧಿಯ ಪ್ರಕಾರ ವಿಂಗಡಿಸಿದ ಒಂದು ಕೋಷ್ಟಕವೂ ಇರುತ್ತದೆ. ನಿಮ್ಮ ನೋಟ್‌ಬುಕ್‌ನ ಎರಡು ಅಂಕಣಗಳೇ ಅಲ್ಲಿ ಅಚ್ಚಾಗಿ ಕೂತಿರುತ್ತವೆ.

ಅಂಕಿ ಒಳ್ಳೆಯದಿದೆ ಎಂದೊಡನೆ ನಂಬಬೇಡಿ, ಹಿಂದಿನ ಐದು ವರ್ಷದವನ್ನು ಸಾಲಾಗಿ ಬರೆಯಿರಿ. ದೇಶದ ವಾಣಿಜ್ಯ ಬ್ಯಾಂಕುಗಳ ವಸೂಲಾಗದ ಸಾಲ 2018ರ ಮಾರ್ಚ್‌ನಲ್ಲಿ ಶೇ 11 ದಾಟಿತ್ತು, 2024ರ ಹೊತ್ತಿಗೆ 3ಕ್ಕಿಂತ ಕೆಳಗೆ ಬಂತು. ಏರಿದ್ದರಲ್ಲಿ ಒಂದು ಪಾಲು ಅದುವರೆಗೆ ಮುಚ್ಚಿಟ್ಟದ್ದನ್ನು 2015ರಿಂದ ರಿಸರ್ವ್ ಬ್ಯಾಂಕು ಬಲವಂತವಾಗಿ ಹೊರತೆಗೆಸಿದ್ದರ ಫಲ. ಇಳಿದದ್ದರಲ್ಲಿ ಒಂದು ಪಾಲು ವಸೂಲಿಯಿಂದ, ಇನ್ನೊಂದು ಪಾಲು ಪುಸ್ತಕದಿಂದ ತೆಗೆದುಹಾಕಿದ್ದರಿಂದ. ಅಂಕಿ ಕೆಟ್ಟದಾದ ವರ್ಷವೇ ಸತ್ಯ ಹೊರಬಂದ ವರ್ಷವೂ ಆಗಿರಬಹುದು.

ಇದರ ಜೊತೆಗೆ ರಿಸರ್ವ್ ಬ್ಯಾಂಕು ವರ್ಷಕ್ಕೆರಡು ಬಾರಿ ತರುವ ಹಣಕಾಸು ಸ್ಥಿರತೆಯ ವರದಿಯನ್ನು ಓದಿ. ಪೂರ್ತಿ ಬೇಡ, ಬ್ಯಾಂಕುಗಳ ಮೇಲೆ ಕಾಲ್ಪನಿಕ ಪೆಟ್ಟು ಹಾಕಿ ಪರೀಕ್ಷಿಸುವ ಭಾಗ ಸಾಕು. ಮೊದಲ ಹೆಜ್ಜೆಯಲ್ಲಿ ನೀವು ಪೆನ್ಸಿಲ್‌ನಲ್ಲಿ ಮಾಡಿದ್ದನ್ನೇ ಅವರು ದೊಡ್ಡದಾಗಿ ಮಾಡಿರುತ್ತಾರೆ.

ಎಂಟನೆಯ ಹೆಜ್ಜೆ: ವಿದ್ವಾಂಸರ ಜಗಳದಲ್ಲಿ ಒಂದು ಪಕ್ಷ ಹಿಡಿಯಿರಿ

ಇಷ್ಟು ಕಲಿತ ಮೇಲೆ ತಜ್ಞರು ಒಪ್ಪದ ಜಾಗಕ್ಕೆ ಹೋಗುವ ಧೈರ್ಯ ಮಾಡಿ. 2008ಕ್ಕೆ ಕಾರಣವೇನು? ಫೆಡರಲ್ ರಿಸರ್ವ್ 2000ದಲ್ಲಿ 6.5 ಇದ್ದ ದರವನ್ನು 2003ರ ಜೂನ್‌ಗೆ ಶೇ 1ಕ್ಕೆ ಇಳಿಸಿ ಬಹಳ ಕಾಲ ಹಾಗೇ ಬಿಟ್ಟದ್ದೇ ಮನೆಗಳ ಬೆಲೆಯನ್ನು ಉಬ್ಬಿಸಿತು ಎನ್ನುತ್ತಾರೆ ಕೆಲವರು. ಏಷ್ಯಾದ ಉಳಿತಾಯ ಅಮೆರಿಕಕ್ಕೆ ಹರಿದು ಬಂದದ್ದೇ ಮೂಲ ಎನ್ನುತ್ತಾರೆ ಇನ್ನು ಕೆಲವರು. ನಿಗಾ ವಹಿಸಬೇಕಾದವರು ಕಣ್ಣು ಮುಚ್ಚಿದ್ದರು ಎಂಬುದು ಮೂರನೆಯ ವಾದ. ಮೂರಕ್ಕೂ ಒಂದೊಂದು ಪುಟ ಕೊಡಿ. ಪ್ರತಿ ವಾದವನ್ನೂ "ಹಾಗಿದ್ದರೆ 2000ದಲ್ಲಿ ತಂತ್ರಜ್ಞಾನ ಕಂಪನಿಗಳ ಷೇರು ಕುಸಿದಾಗ ಬ್ಯಾಂಕುಗಳು ಏಕೆ ಬೀಳಲಿಲ್ಲ?" ಎಂದು ಕೇಳಿ.

ಆ ಪ್ರಶ್ನೆಯೇ ನನ್ನನ್ನು ಒಂದು ನಿಲುವಿಗೆ ತಂದಿತು. ಷೇರು ಕುಸಿದಾಗ ನಷ್ಟ ಬಹುಪಾಲು ಷೇರು ಕೊಂಡವರದೇ ಆಗಿತ್ತು, ರಾತ್ರೋರಾತ್ರಿ ವಾಪಸು ಕೇಳುವ ಸಾಲದಿಂದ ಅದು ನಿಂತಿರಲಿಲ್ಲ. ಅಗ್ಗದ ಬಡ್ಡಿ ಸೌದೆ ಒಟ್ಟಿರಬಹುದು, ಆದರೆ ಮನೆಯಿಂದ ಮನೆಗೆ ಬೆಂಕಿ ಹಾರಿದ್ದು ಅಲ್ಪಾವಧಿ ಸಾಲದ ಹುಲ್ಲಿನ ಮಾಡುಗಳ ಮೇಲಿನಿಂದ ಎಂದು ನಾನು ನಂಬುತ್ತೇನೆ. ನೀವು ಒಪ್ಪಬೇಕಾಗಿಲ್ಲ. ಒಪ್ಪದಿದ್ದರೆ ಯಾವ ಅಂಕಣದ ಯಾವ ಸಾಲಿನಲ್ಲಿ ನಾನು ಎಡವಿದ್ದೇನೆಂದು ತೋರಿಸುವಷ್ಟು ಸಾಮಗ್ರಿ ಈಗ ನಿಮ್ಮ ಕೈಯಲ್ಲಿದೆ.

ಮುಂದಿನ ಹಣಕಾಸು ನೀತಿಯ ದಿನ ಬೆಳಿಗ್ಗೆ ಗವರ್ನರ್ ಮಾತನಾಡುವುದಕ್ಕೆ ಮೊದಲು ನೋಟ್‌ಬುಕ್ ತೆರೆದು ಮೂರು ಸಾಲು ಬರೆಯಿರಿ: ದರ ಏನಾಗುತ್ತದೆ, ಏಕೆ, ಆರರಲ್ಲಿ ಎಷ್ಟು ಮತ. ತಾರೀಖು ಹಾಕಿ. ಹದಿನಾಲ್ಕು ದಿನದ ನಂತರ ನಡಾವಳಿ ಬಂದಾಗ ಅದರ ಪಕ್ಕದಲ್ಲಿ ಸರಿ ತಪ್ಪು ಗುರುತಿಸಿ. ತಪ್ಪಾದದ್ದನ್ನು ಅಳಿಸಬೇಡಿ. ನೀವು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟದ್ದು ಯಾವುದೆಂದು ಕೆಳಗೆ ಒಂದು ವಾಕ್ಯ ಬರೆದು ಪುಟ ತಿರುಗಿಸಿ.